ಓದುಗರ ಪ್ರಶ್ನೆ, ನಮ್ಮ ಉತ್ತರ: ಎವರೆಸ್ಟ್ ರೇಸಿನ ಬಾಜಿ ದರಗಳನ್ನು ಹೋಲಿಸುವ ಬಗೆ

ಸಿಡ್ನಿಯ ರಾಂಡ್ವಿಕ್ ರೇಸ್‌ಕೋರ್ಸಿನಲ್ಲಿ ಪ್ರತಿ ಅಕ್ಟೋಬರಿನಲ್ಲಿ ನಡೆಯುವ 1200 ಮೀಟರ್ ದೂರದ ‘ದಿ ಎವರೆಸ್ಟ್’ ಕುದುರೆ ರೇಸಿನ ಬಗ್ಗೆ ಆಸ್ಟ್ರೇಲಿಯಾದಲ್ಲಿರುವ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಯಾವ ಕುದುರೆ ಗೆಲ್ಲುತ್ತದೆ ಎಂದು ಕೇಳಿದ ಪತ್ರಗಳನ್ನು ಬದಿಗಿಟ್ಟಿದ್ದೇವೆ. ಅದನ್ನು ಹೇಳುವುದು ಈ ಅಂಕಣದ ಕೆಲಸವಲ್ಲ.

ಪ್ರಶ್ನೆ: ಎವರೆಸ್ಟ್ ರೇಸಿನ ಒಂದೇ ಕುದುರೆಗೆ ಒಬ್ಬ ಬುಕ್ಕಿ 2.50 ಡಾಲರ್ ದರ ಕೊಡುತ್ತಾನೆ, ಇನ್ನೊಬ್ಬ 2.70 ಕೊಡುತ್ತಾನೆ. ಕುದುರೆಯೂ ಅದೇ, ರೇಸೂ ಅದೇ ಆಗಿರುವಾಗ ಈ ವ್ಯತ್ಯಾಸ ಏಕೆ? 20 ಸೆಂಟಿಗಾಗಿ ತಲೆಕೆಡಿಸಿಕೊಳ್ಳಬೇಕೆ?
– ಓದುಗರೊಬ್ಬರು, ಪ್ಯಾರಮಾಟ

ಉತ್ತರ: ಆಸ್ಟ್ರೇಲಿಯಾದಲ್ಲಿ ದರವನ್ನು ದಶಮಾಂಶದಲ್ಲಿ ಬರೆಯುತ್ತಾರೆ, ಮತ್ತು ನೀವು ಕಟ್ಟಿದ ಹಣವೂ ಆ ಸಂಖ್ಯೆಯೊಳಗೇ ಸೇರಿರುತ್ತದೆ. 2.50ರ ದರದಲ್ಲಿ 50 ಡಾಲರ್ ಕಟ್ಟಿ ಗೆದ್ದರೆ ಕೈಗೆ 125 ಡಾಲರ್ ಬರುತ್ತದೆ, ಅದರಲ್ಲಿ ಲಾಭ 75. 2.70ರಲ್ಲಿ ಕೈಗೆ 135 ಬರುತ್ತದೆ, ಲಾಭ 85. ಬರೀ 20 ಸೆಂಟೆಂದು ಕಂಡದ್ದು ಲಾಭದ ಲೆಕ್ಕದಲ್ಲಿ ಶೇಕಡ 13ಕ್ಕಿಂತ ಹೆಚ್ಚಿನ ಅಂತರವಾಗುತ್ತದೆ. ಸೋತರೆ ಎರಡೂ ಕಡೆ ಹೋಗುವುದು ಅದೇ 50 ಡಾಲರ್. ನಷ್ಟದ ಭಯ ಒಂದಿಷ್ಟೂ ಹೆಚ್ಚದೆ ಪ್ರತಿಫಲ ಮಾತ್ರ ಹೆಚ್ಚುವ ಸಂದರ್ಭ ಜೂಜಿನಲ್ಲಿ ಅಪರೂಪವಾದ್ದರಿಂದ, ಬಾಜಿ ಕಟ್ಟಲೇಬೇಕೆಂದು ತೀರ್ಮಾನಿಸಿದವರು ಕನಿಷ್ಠ ಈ ಹೋಲಿಕೆಯನ್ನಾದರೂ ಮಾಡಬೇಕು.

ವ್ಯತ್ಯಾಸ ಹುಟ್ಟುವುದಕ್ಕೆ ಮುಖ್ಯ ಕಾರಣ ಬುಕ್ಕಿಯ ಲೆಕ್ಕದ ಪುಸ್ತಕವೇ ಹೊರತು ಕುದುರೆಯಲ್ಲ. ಒಬ್ಬನ ಬಳಿ ಒಂದು ಕುದುರೆಯ ಮೇಲೆ ಭಾರಿ ಹಣ ಬಂದು ಬಿದ್ದರೆ, ಅದು ಗೆದ್ದಾಗ ತಾನು ಕೊಡಬೇಕಾದ ಮೊತ್ತಕ್ಕೆ ಹೆದರಿ ಅವನು ಆ ದರವನ್ನು ಇಳಿಸಿ ಬೇರೆ ಕುದುರೆಗಳ ದರವನ್ನು ಏರಿಸುತ್ತಾನೆ. ಅಷ್ಟು ಹಣ ಬಾರದ ಇನ್ನೊಬ್ಬ ತನ್ನ ದರವನ್ನು ಹಾಗೆಯೇ ಬಿಟ್ಟಿರುತ್ತಾನೆ. ಆದ್ದರಿಂದ 2.70 ಕೊಡುವವನಿಗೆ ಕುದುರೆಯ ಬಗ್ಗೆ ಏನೋ ಕೆಟ್ಟ ಸುದ್ದಿ ಗೊತ್ತಿದೆ ಎಂದು ಊಹಿಸಿಕೊಳ್ಳಬೇಕಾಗಿಲ್ಲ.

ಪ್ರಶ್ನೆ: ಒಬ್ಬ ಬುಕ್ಕಿಯ ದರಪಟ್ಟಿ ಒಟ್ಟಾರೆಯಾಗಿ ಧಾರಾಳವೋ ಜಿಪುಣವೋ ಎಂದು ತಿಳಿಯುವ ಲೆಕ್ಕವೊಂದಿದೆಯಂತೆ. ವಿವರಿಸುವಿರಾ?
– ಓದುಗರೊಬ್ಬರು, ಮೆಲ್ಬರ್ನ್

ಉತ್ತರ: ಇದೆ, ಮತ್ತು ಈ ಇಡೀ ವಿಷಯದಲ್ಲಿ ಒಂದೇ ಒಂದನ್ನು ಕಲಿಯುವುದಾದರೆ ಇದನ್ನೇ ಕಲಿಯಬೇಕು. 100ನ್ನು ದರದಿಂದ ಭಾಗಿಸಿದರೆ, ಆ ದರ ಕುದುರೆಗೆ ಶೇಕಡ ಎಷ್ಟು ಗೆಲುವಿನ ಸಂಭವವನ್ನು ಕಟ್ಟುತ್ತಿದೆ ಎಂಬುದು ಸಿಗುತ್ತದೆ. 2.50ಕ್ಕೆ ಶೇಕಡ 40, 8ಕ್ಕೆ 12.5, 51ಕ್ಕೆ ಸುಮಾರು 2. ಓಡುವ ಎಲ್ಲ ಕುದುರೆಗಳಿಗೂ ಹೀಗೆ ಲೆಕ್ಕ ಹಾಕಿ ಕೂಡಿಸಿ. ಗೆಲ್ಲುವುದು ಒಂದೇ ಕುದುರೆಯಾದ್ದರಿಂದ ನ್ಯಾಯವಾಗಿ ಮೊತ್ತ 100 ಆಗಬೇಕು. ಬುಕ್ಕಿಯ ಪಟ್ಟಿಯಲ್ಲಿ ಅದು 100ನ್ನು ದಾಟಿರುತ್ತದೆ, ದಾಟಿದ ಭಾಗವೇ ಅವನ ಅಂಚು.

ಲೆಕ್ಕ ತೋರಿಸುವುದಕ್ಕಾಗಿಯೇ ನಾವು ಕಲ್ಪಿಸಿಕೊಂಡ ಹನ್ನೆರಡು ಕುದುರೆಗಳ ಪಟ್ಟಿಯೊಂದನ್ನು ನೋಡಿ: 2.50, 6, 8, 9, 11, 13, 15, 21, 26, 26, 34, 51. ಇವುಗಳ ಶೇಕಡಾಂಶಗಳನ್ನು ಕೂಡಿಸಿದರೆ ಸುಮಾರು 121 ಬರುತ್ತದೆ. ಯಾವ ಕುದುರೆ ಗೆದ್ದರೂ 100 ಡಾಲರ್ ವಾಪಸು ಬರುವಂತೆ ಹನ್ನೆರಡರ ಮೇಲೂ ಹಣ ಹಂಚಿ ಕಟ್ಟಬೇಕಾದರೆ ನಿಮ್ಮ ಕೈಯಿಂದ 121 ಡಾಲರ್ ಹೋಗಬೇಕು, ಅಂದರೆ ಕಟ್ಟಿದ್ದರಲ್ಲಿ ಶೇಕಡ 17ರಷ್ಟು ಬುಕ್ಕಿಯ ಪಾಲು. ಈಗ ಬೇರೆ ಬೇರೆ ಬುಕ್ಕಿಗಳಲ್ಲಿ ಹುಡುಕಿ ಪ್ರತಿ ಕುದುರೆಗೂ ಸಿಕ್ಕ ಅತಿ ಹೆಚ್ಚಿನ ದರಗಳು ಅದೇ ಅನುಕ್ರಮದಲ್ಲಿ 2.70, 7, 9, 10, 12, 15, 17, 23, 31, 34, 41, 67 ಎಂದಿಟ್ಟುಕೊಳ್ಳಿ. ಮೊತ್ತ ಸುಮಾರು 108ಕ್ಕೆ ಇಳಿಯುತ್ತದೆ, ನಿಮ್ಮಿಂದ ಹೋಗುವ ಪಾಲು ಶೇಕಡ 7ರ ಆಸುಪಾಸಿಗೆ ಬರುತ್ತದೆ. ದರ ಹೋಲಿಸುವುದರಿಂದ ಸಿಗುವ ಪ್ರಯೋಜನ ಇಷ್ಟೇ, ಮತ್ತು ಇದು ಸಣ್ಣದೇನೂ ಅಲ್ಲ. ಆದರೆ 108 ಎಂಬುದು ಈಗಲೂ 100ಕ್ಕಿಂತ ಮೇಲಿದೆ ಎಂಬುದನ್ನು ಗಮನಿಸಿ. ಅತ್ಯುತ್ತಮ ದರಗಳನ್ನು ಆಯ್ದುಕೊಂಡವನು ನಿಧಾನವಾಗಿ ಸೋಲುತ್ತಾನೆ. ಹಾಗೆ ಸೋಲದಿರಬೇಕಾದರೆ ಕುದುರೆಗಳ ಬಗ್ಗೆ ಅವನ ಅಂದಾಜು ಮಾರುಕಟ್ಟೆಯ ಅಂದಾಜಿಗಿಂತ ನಿಜವಾಗಿ ಉತ್ತಮವಾಗಿರಬೇಕು, ಮತ್ತು ಅಂಥವರ ಸಂಖ್ಯೆ, ತಾವು ಅಂಥವರೆಂದು ನಂಬಿಕೊಂಡವರ ಸಂಖ್ಯೆಗಿಂತ ಬಹಳ ಕಡಿಮೆ.

ಇದೇ ಪಟ್ಟಿಯಲ್ಲಿ ಕಣ್ಣು ಮೋಸಹೋಗುವ ಜಾಗವೊಂದಿದೆ. ಕೊನೆಯ ಕುದುರೆಯ ದರ 51ರಿಂದ 67ಕ್ಕೆ ಏರಿದ್ದನ್ನು ಕಂಡು ಹದಿನಾರು ಡಾಲರಿನ ಲಾಭವೆಂದು ಹಿಗ್ಗುವವರು, ಮೊದಲ ಕುದುರೆಯ 20 ಸೆಂಟನ್ನು ಕಡೆಗಣಿಸುತ್ತಾರೆ. ಶೇಕಡಾಂಶಕ್ಕೆ ತಿರುಗಿಸಿದರೆ ಮೊದಲನೆಯದರಲ್ಲಿ ಮೂರು ಅಂಶಗಳಷ್ಟು ಬದಲಾವಣೆಯಾಗಿದೆ, ಕೊನೆಯದರಲ್ಲಿ ಅರ್ಧ ಅಂಶವೂ ಆಗಿಲ್ಲ. ಇದಲ್ಲದೆ, ದೊಡ್ಡ ದರದ ಕುದುರೆಗಳ ಮೇಲೆ ಕಟ್ಟಿದ ಪ್ರತಿ ಡಾಲರಿಗೆ ಸರಾಸರಿಯಲ್ಲಿ ಮರಳಿ ಬರುವುದು ಸಣ್ಣ ದರದ ಕುದುರೆಗಳಿಗಿಂತ ಕಡಿಮೆ ಎಂಬುದನ್ನು 1949ರಷ್ಟು ಹಿಂದಿನಿಂದಲೂ ಅಧ್ಯಯನಗಳು ಹಲವು ದೇಶಗಳ ರೇಸುಗಳಲ್ಲಿ ಕಂಡುಕೊಂಡಿವೆ. ಬುಕ್ಕಿಯ ಅಂಚು ಪಟ್ಟಿಯ ತುಂಬ ಸಮನಾಗಿ ಹರಡಿರುವುದಿಲ್ಲ, ಅದರ ಹೆಚ್ಚಿನ ಭಾರ ಬೀಳುವುದು ಪಟ್ಟಿಯ ಕೆಳಭಾಗದ ಮೇಲೆ.

ಪ್ರಶ್ನೆ: ಗೆಲುವಿನ ದರ ಒಬ್ಬನಲ್ಲಿ ಹೆಚ್ಚಿದ್ದರೆ ಪ್ಲೇಸ್ ದರವೂ (ಕುದುರೆ ಮೊದಲ ಎರಡು ಮೂರು ಸ್ಥಾನಗಳೊಳಗೆ ಬಂದರೆ ಸಿಗುವ ದರ) ಅವನಲ್ಲೇ ಹೆಚ್ಚಿರುತ್ತದೆಯೆ?
– ಓದುಗರೊಬ್ಬರು, ಅಡಿಲೇಡ್

ಉತ್ತರ: ಇರಬೇಕೆಂದೇನೂ ಇಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಎಂಟು ಅಥವಾ ಹೆಚ್ಚು ಕುದುರೆಗಳು ಓಡಿದರೆ ಮೊದಲ ಮೂರು ಸ್ಥಾನಗಳಿಗೆ ಪ್ಲೇಸ್ ಹಣ ಸಿಗುತ್ತದೆ, ಐದರಿಂದ ಏಳರವರೆಗೆ ಇದ್ದರೆ ಮೊದಲ ಎರಡಕ್ಕೆ ಮಾತ್ರ. ಎವರೆಸ್ಟ್‌ನಲ್ಲಿ ಹನ್ನೆರಡು ಕುದುರೆಗಳಿಗೆ ಜಾಗವಿರುವುದರಿಂದ ಸಾಮಾನ್ಯವಾಗಿ ಮೂರು ಸ್ಥಾನಗಳ ಲೆಕ್ಕವೇ ನಡೆಯುತ್ತದೆ. ಹಾಗಾಗಿ ಪ್ಲೇಸ್ ದರಗಳ ಶೇಕಡಾಂಶವನ್ನು ಕೂಡಿಸುವಾಗ 300ಕ್ಕೆ ಹೋಲಿಸಬೇಕೇ ಹೊರತು 100ಕ್ಕಲ್ಲ. ಈಚ್-ವೇ ಎಂದು ಕಟ್ಟಿದ 20 ಡಾಲರ್ ವಾಸ್ತವದಲ್ಲಿ ವಿನ್ ಮೇಲೆ 10, ಪ್ಲೇಸ್ ಮೇಲೆ 10 ಡಾಲರಿನ ಎರಡು ಬಾಜಿಗಳು. ಅವೆರಡನ್ನೂ ಒಬ್ಬ ಬುಕ್ಕಿಯಲ್ಲಿಯೇ ಕಟ್ಟಬೇಕೆಂಬ ನಿಯಮವಿಲ್ಲ.

ಪ್ರಶ್ನೆ: ರೇಸಿಗೆ ತಿಂಗಳುಗಳಿರುವಾಗಲೇ ಎವರೆಸ್ಟ್‌ಗೆ ದೊಡ್ಡ ದೊಡ್ಡ ದರಗಳು ಕಾಣಿಸುತ್ತವೆ. ಆಗಲೇ ಕಟ್ಟುವುದು ಲಾಭವಲ್ಲವೆ?
– ಓದುಗರೊಬ್ಬರು, ಬ್ಲ್ಯಾಕ್‌ಟೌನ್

ಉತ್ತರ: ಆ ದರಗಳು ಏಕೆ ದೊಡ್ಡದಾಗಿವೆ ಎಂದು ಮೊದಲು ಕೇಳಿಕೊಳ್ಳಬೇಕು. ಮುಂಗಡವಾಗಿ ತೆರೆಯುವ ‘ಆಲ್-ಇನ್’ ಬಾಜಿಯಲ್ಲಿ, ಕುದುರೆ ರೇಸಿನ ದಿನ ಓಡದಿದ್ದರೆ ಕಟ್ಟಿದ ಹಣ ಮರಳಿ ಬರುವುದಿಲ್ಲ. ಬೇರೆ ರೇಸುಗಳಿಗಿಂತ ಎವರೆಸ್ಟ್‌ನಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಈ ರೇಸಿನ ಪ್ರವೇಶದ ಕ್ರಮವೇ ಬೇರೆ. 2017ರಲ್ಲಿ ಒಂದು ಕೋಟಿ ಡಾಲರ್ ಬಹುಮಾನದೊಂದಿಗೆ ಆರಂಭವಾಗಿ, 2023ರ ಹೊತ್ತಿಗೆ ಎರಡು ಕೋಟಿ ಡಾಲರಿಗೆ ಬೆಳೆದ ಈ ರೇಸಿನಲ್ಲಿ ಹನ್ನೆರಡು ‘ಸ್ಲಾಟ್’ಗಳು, ಅಂದರೆ ಒಂದೊಂದು ಕುದುರೆಯನ್ನು ಓಡಿಸುವ ಜಾಗಗಳಿವೆ. ಆರಂಭದಲ್ಲಿ ಒಂದು ಸ್ಲಾಟಿನ ಬೆಲೆ ವರ್ಷಕ್ಕೆ ಆರು ಲಕ್ಷ ಡಾಲರ್ ಇತ್ತು. ಸ್ಲಾಟ್ ಕೊಂಡವರು ತಮ್ಮದೇ ಕುದುರೆಯನ್ನು ಓಡಿಸಬಹುದು, ಇಲ್ಲವೆ ಬೇರೊಬ್ಬ ಮಾಲೀಕರ ಕುದುರೆಯೊಂದಿಗೆ ಒಪ್ಪಂದ ಮಾಡಿಕೊಳ್ಳಬಹುದು. ಕುದುರೆ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ, ಗಾಯವೇನೂ ಆಗದಿದ್ದರೂ, ಅದನ್ನು ಆರಿಸಿಕೊಳ್ಳುವ ಸ್ಲಾಟ್ ಮಾಲೀಕರಿಲ್ಲದಿದ್ದರೆ ಓಟ ಶುರುವಾಗುವ ಗೇಟಿನೊಳಗೆ ಹೋಗಲಾರದು.

ಆದ್ದರಿಂದ ಸ್ಲಾಟ್ ಇಲ್ಲದ ಕುದುರೆಗೆ ಜುಲೈಯಲ್ಲಿ ಕಾಣುವ 15 ಡಾಲರನ್ನೂ ರೇಸಿನ ವಾರದಲ್ಲಿ ಕಾಣುವ 9 ಡಾಲರನ್ನೂ ಪಕ್ಕಪಕ್ಕ ಇಟ್ಟು ‘ಆರು ಡಾಲರ್ ಕಳೆದುಕೊಂಡೆ’ ಎಂದು ಮರುಗುವುದು ಸರಿಯಲ್ಲ. ಅದು ಓಡುವ ಸಂಭವ ಅರ್ಧಕ್ಕರ್ಧ ಎಂದುಕೊಂಡರೆ, ಆ 15ರ ದರ ಓಡುವುದು ಖಚಿತವಾದ ಕುದುರೆಯ 7.50ಕ್ಕೆ ಸಮ, ಅಂದರೆ ಆಮೇಲಿನ 9ಕ್ಕಿಂತ ಕಡಿಮೆ. ಇಬ್ಬರು ಬುಕ್ಕಿಗಳ ಮುಂಗಡ ದರಗಳನ್ನು ಹೋಲಿಸುವಾಗಲೂ, ಓಡದಿದ್ದರೆ ಹಣ ಮರಳಿಸುವ ಷರತ್ತು ಯಾರಲ್ಲಿದೆ ಎಂದು ನೋಡಿಯೇ ಮುಂದುವರಿಯಬೇಕು.

ಅಂತಿಮ ಪಟ್ಟಿ ಪ್ರಕಟವಾದ ಮೇಲೆ ಕಟ್ಟಿದ ಬಾಜಿಯ ಕತೆ ಬೇರೆ. ನಿಮ್ಮ ಕುದುರೆಯನ್ನು ರೇಸಿನಿಂದ ಹಿಂತೆಗೆದುಕೊಂಡರೆ ಹಣ ವಾಪಸು ಬರುತ್ತದೆ. ಬೇರೊಂದು ಕುದುರೆಯನ್ನು ಹಿಂತೆಗೆದುಕೊಂಡು ನಿಮ್ಮದು ಗೆದ್ದರೆ, ಪಾವತಿಯಲ್ಲಿ ಡಾಲರಿಗೆ ಇಷ್ಟು ಸೆಂಟು ಎಂದು ಕಡಿತವಾಗುತ್ತದೆ. ಹೋದದ್ದು ಫೇವರಿಟ್ (ಪಟ್ಟಿಯಲ್ಲಿ ಅತಿ ಕಡಿಮೆ ದರದ ಕುದುರೆ) ಆಗಿದ್ದರೆ ಕಡಿತ ದೊಡ್ಡದು, 51 ಡಾಲರಿನ ಕುದುರೆಯಾಗಿದ್ದರೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗೆದ್ದೂ ಕಡಿಮೆ ಹಣ ಬಂತೆಂದು ಜಗಳಕ್ಕೆ ನಿಲ್ಲುವವರಲ್ಲಿ ಹಲವರು ಈ ಷರತ್ತನ್ನು ಓದಿಯೇ ಇರುವುದಿಲ್ಲ.

ಪ್ರಶ್ನೆ: ನಿಗದಿತ ದರ, ಟೋಟ್, ಬೆಟ್ಟಿಂಗ್ ಎಕ್ಸ್‌ಚೇಂಜ್, ಬೋನಸ್ ಬೆಟ್ ಇವುಗಳನ್ನೆಲ್ಲ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸುವುದು ಸಾಧ್ಯವೆ?
– ಓದುಗರೊಬ್ಬರು, ಬ್ರಿಸ್ಬೇನ್

ಉತ್ತರ: ಕೈಗೆ ಬರುವ ನಿವ್ವಳ ಹಣಕ್ಕೆ ಎಲ್ಲವನ್ನೂ ಇಳಿಸಿಕೊಂಡರೆ ಸಾಧ್ಯ, ಟೋಟ್ ಒಂದನ್ನು ಬಿಟ್ಟು. ಟೋಟ್‌ನಲ್ಲಿ ಎಲ್ಲರ ಹಣವೂ ಒಂದು ಕೊಳಕ್ಕೆ ಸೇರಿ, ನಡೆಸುವವರ ಪಾಲು ಮೊದಲೇ ಕಳೆದು, ಉಳಿದದ್ದು ಗೆದ್ದವರಲ್ಲಿ ಹಂಚಿಹೋಗುತ್ತದೆ. ನೀವು ಕಟ್ಟುವಾಗ ಪರದೆಯ ಮೇಲೆ ಕಾಣುವುದು ಆ ಕ್ಷಣದ ಅಂದಾಜು, ನಿಮ್ಮ ನಂತರ ಬಂದ ಹಣವೆಲ್ಲ ಅದನ್ನು ಬದಲಿಸುತ್ತದೆ. ನಿಗದಿತ ದರದಲ್ಲಾದರೆ ಕಟ್ಟಿದ ಕ್ಷಣದಲ್ಲಿ ಇದ್ದ ದರ ನಿಮ್ಮ ಬಾಜಿಗೆ ಖಾಯಂ ಆಗುತ್ತದೆ. ಒಂದು ಭರವಸೆಯನ್ನು ಒಂದು ಅಂದಾಜಿನೊಂದಿಗೆ ಸೆಂಟಿನವರೆಗೆ ಹೋಲಿಸಿ ಪ್ರಯೋಜನವಿಲ್ಲ.

ಎಕ್ಸ್‌ಚೇಂಜ್‌ನಲ್ಲಿ ಬಾಜಿ ಕಟ್ಟುವವರು ಪರಸ್ಪರರ ವಿರುದ್ಧವೇ ಕಟ್ಟುವುದರಿಂದ ಕಾಣುವ ದರ ಸಾಮಾನ್ಯವಾಗಿ ಮೇಲಿರುತ್ತದೆ, ಆದರೆ ಗೆಲುವಿನ ಲಾಭದ ಮೇಲೆ ಕಮಿಷನ್ ಇದೆ. ಕಮಿಷನ್ ಶೇಕಡ 8 ಎಂದುಕೊಂಡರೆ, ಅಲ್ಲಿ ಕಾಣುವ 2.80ರಲ್ಲಿ 1.80 ಡಾಲರಿನ ಲಾಭ 1.656ಕ್ಕೆ ಇಳಿದು ನಿಜವಾದ ದರ ಸುಮಾರು 2.66 ಆಗುತ್ತದೆ. ಪಕ್ಕದ ಬುಕ್ಕಿಯ 2.70 ಅದಕ್ಕಿಂತ ಮೇಲು. ಬುಕ್ಕಿಯೇ ಉಚಿತವಾಗಿ ಕೊಡುವ ಬೋನಸ್ ಬೆಟ್‌ನಲ್ಲಿ ಕಟ್ಟಿದ ಮೊತ್ತವನ್ನು ಸಾಮಾನ್ಯವಾಗಿ ಮರಳಿ ಕೊಡುವುದಿಲ್ಲ: 50 ಡಾಲರಿನ ಬೋನಸ್ 2.50ರಲ್ಲಿ ಗೆದ್ದರೆ ಬರುವುದು 75, 125 ಅಲ್ಲ. ಎರಡನೆಯ ಸ್ಥಾನ ಬಂದರೆ ಬೋನಸ್ ಕೊಡುತ್ತೇವೆ ಎಂಬ ಆಮಿಷಕ್ಕೆ ಬಿದ್ದು 2.70 ಬಿಟ್ಟು 2.50ಕ್ಕೆ ಕಟ್ಟುವವರು, ಆ ಬೋನಸಿನ ನಿಜವಾದ ಬೆಲೆ ಅದರ ಮೇಲೆ ಬರೆದ ಮೊತ್ತಕ್ಕಿಂತ ಬಹಳ ಕಡಿಮೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಪ್ರಶ್ನೆ: ಮಂಗಳವಾರ ಇದ್ದ ದರ ಶನಿವಾರ ಇರುವುದಿಲ್ಲ. ನಡುವೆ ಏನಾಗುತ್ತದೆ?
– ಓದುಗರೊಬ್ಬರು, ಕ್ಯಾನ್‌ಬೆರಾ

ಉತ್ತರ: ಮುಖ್ಯವಾಗಿ ಎರಡು: ಯಾವ ಕುದುರೆ ಯಾವ ಗೇಟಿನಿಂದ ಹೊರಡುತ್ತದೆ ಎಂಬುದು ನಿಗದಿಯಾಗುವುದು ಮತ್ತು ಮಳೆ. ಗೇಟು ಹಂಚುವುದು ಈ ರೇಸಿನ ಮಟ್ಟಿಗೆ ಒಂದು ಉತ್ಸವವೇ ಆಗಿದೆ. 2018ರಲ್ಲಿ ಅದನ್ನು ಸಿಡ್ನಿ ಒಪೆರಾ ಹೌಸಿನ ಚಾವಣಿಯ ಮೇಲೆ ಬೆಳಕಿನಲ್ಲಿ ಮೂಡಿಸಿದ್ದು ದೊಡ್ಡ ಪ್ರತಿಭಟನೆಗೇ ಕಾರಣವಾಯಿತು. ಆಡಂಬರ ಏನೇ ಇರಲಿ, ಫಲಿತಾಂಶಕ್ಕೆ ಅದು ಮುಖ್ಯ. ರಾಂಡ್ವಿಕ್‌ನಲ್ಲಿ ಕುದುರೆಗಳು ಬಲಕ್ಕೆ ತಿರುಗುವ ದಾರಿಯಲ್ಲಿ ಓಡುತ್ತವೆ. 1200 ಮೀಟರ್ ರೇಸಿನಲ್ಲಿ ತಿರುವು ದಾಟಿದ ಮೇಲೆ ಸುಮಾರು 410 ಮೀಟರ್ ನೇರ ದಾರಿ ಉಳಿಯುತ್ತದೆ, ಆದ್ದರಿಂದ ಹೊರಗಿನ ಗೇಟು ಸಿಕ್ಕ ಕುದುರೆ ಒಳಕ್ಕೆ ಸರಿಯಲಾಗದಿದ್ದರೆ ಹೆಚ್ಚು ದೂರ ಓಡಬೇಕಾಗುತ್ತದೆ. ಮೆಲ್ಬರ್ನಿನ ಫ್ಲೆಮಿಂಗ್ಟನ್‌ನಲ್ಲಿ ನಡೆಯುವ ನ್ಯೂಮಾರ್ಕೆಟ್ ಹ್ಯಾಂಡಿಕ್ಯಾಪ್ ಕೂಡ 1200 ಮೀಟರ್ ರೇಸೇ ಆದರೂ, ಅಲ್ಲಿ ತಿರುವೇ ಇಲ್ಲದ ನೇರ ದಾರಿಯಿರುವುದರಿಂದ ಗೇಟಿನ ಲೆಕ್ಕ ಪೂರ್ತಿ ಬೇರೆ. ಅಲ್ಲಿಯ ಅನುಭವವನ್ನು ಇಲ್ಲಿಗೆ ತರಬಾರದು.

ಮಳೆಯ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯಾದಲ್ಲಿ ನೆಲದ ಸ್ಥಿತಿಯನ್ನು 1ರಿಂದ 10ರವರೆಗೆ ಅಳೆಯುತ್ತಾರೆ: 3 ಮತ್ತು 4 ಉತ್ತಮ, 5ರಿಂದ 7 ಮೆತ್ತನೆಯ ನೆಲ, 8ರಿಂದ 10 ಕೆಸರು. ಗುರುವಾರ ರಾತ್ರಿ ಸುರಿದ ಮಳೆಗೆ ಶುಕ್ರವಾರ ಬೆಳಿಗ್ಗೆ ಇಡೀ ಪಟ್ಟಿಯೇ ಅಲುಗಾಡುವುದುಂಟು. ಇದರಿಂದ ಹೋಲಿಕೆಯ ಒಂದು ನಿಯಮ ಹೊರಡುತ್ತದೆ: ಒಬ್ಬನ ಬೆಳಗಿನ ದರವನ್ನು ಇನ್ನೊಬ್ಬನ ಸಂಜೆಯ ದರದೊಂದಿಗೆ ಇಟ್ಟು ನೋಡಬಾರದು, ಒಂದೇ ಹೊತ್ತಿನಲ್ಲಿ ನೋಡಿದ ದರಗಳನ್ನೇ ಹೋಲಿಸಬೇಕು.

ಪ್ರಶ್ನೆ: 2022ರಲ್ಲಿ ಫೇವರಿಟ್ ನೇಚರ್ ಸ್ಟ್ರಿಪ್ ಸೋತಿತು, 2025ರಲ್ಲಿ ಫೇವರಿಟ್ ಕಾ ಯಿಂಗ್ ರೈಸಿಂಗ್ ಗೆದ್ದಿತು. ಹಾಗಾದರೆ ದರಗಳನ್ನು ನಂಬುವುದೋ ಬಿಡುವುದೋ?
– ಓದುಗರೊಬ್ಬರು, ಪರ್ತ್

ಉತ್ತರ: ಎರಡು ಫಲಿತಾಂಶಗಳಿಂದ ಆ ತೀರ್ಮಾನಕ್ಕೆ ಬರಲಾಗದು. ನೇಚರ್ ಸ್ಟ್ರಿಪ್ 2021ರ ಎವರೆಸ್ಟ್ ಗೆದ್ದು, 2022ರ ಜೂನಿನಲ್ಲಿ ಇಂಗ್ಲೆಂಡಿನ ರಾಯಲ್ ಆಸ್ಕಟ್‌ನಲ್ಲಿಯೂ ಗೆದ್ದು ಬಂದಿತ್ತು. ಅದನ್ನು ಸೋಲಿಸಿದ ಗಿಗಾ ಕಿಕ್ ಅಲ್ಲಿಯವರೆಗೆ ಒಮ್ಮೆಯೂ ಸೋಲದ, ವಯಸ್ಸಿನ ಕಾರಣದಿಂದ ಕಡಿಮೆ ತೂಕ ಹೊತ್ತ ಮೂರು ವರ್ಷದ ಕುದುರೆ. ಹಾಂಗ್‌ಕಾಂಗ್‌ನಿಂದ ಬಂದ ಕಾ ಯಿಂಗ್ ರೈಸಿಂಗ್ ಎಲ್ಲರ ನಿರೀಕ್ಷೆಯಂತೆ ಗೆದ್ದಿತು. 2.50ರ ದರ ‘ಗೆಲ್ಲುತ್ತದೆ’ ಎಂದು ಎಂದೂ ಹೇಳುವುದಿಲ್ಲ. ಇಂಥ ಹತ್ತು ಕುದುರೆಗಳಲ್ಲಿ ಹೆಚ್ಚೆಂದರೆ ನಾಲ್ಕು ಗೆಲ್ಲಬಹುದು, ಆರು ಸೋಲಬಹುದು ಎಂದಷ್ಟೇ ಅದು ಹೇಳುತ್ತದೆ. ಗೆದ್ದ ಕುದುರೆಯ ಮೇಲೆ ಕಡಿಮೆ ದರಕ್ಕೆ ಕಟ್ಟಿದ್ದು ಕೆಟ್ಟ ವ್ಯಾಪಾರವಾಗಿರಬಹುದು, ಸೋತ ಕುದುರೆಯ ಮೇಲೆ ಒಳ್ಳೆಯ ದರಕ್ಕೆ ಕಟ್ಟಿದ್ದು ಸರಿಯಾದ ವ್ಯಾಪಾರವಾಗಿರಬಹುದು. 2017ರಿಂದ 2025ರವರೆಗೆ ನಡೆದಿರುವುದು ಒಂಬತ್ತೇ ಎವರೆಸ್ಟ್‌ಗಳು. ಮೊದಲ ಎರಡನ್ನೂ ಗೆದ್ದ ರೆಡ್ಜೆಲ್ ಬಿಟ್ಟರೆ ಯಾವ ಕುದುರೆಯೂ ಎರಡು ಸಲ ಗೆದ್ದಿಲ್ಲ. ಇಷ್ಟರಿಂದ ಫೇವರಿಟ್‌ಗಳ ಬಗ್ಗೆ ನಿಯಮ ಕಟ್ಟುವವರನ್ನು ನಂಬಬೇಡಿ.

ಪ್ರಶ್ನೆ: ದರ ಹೋಲಿಸಬೇಕಾದರೆ ಹಲವು ಬುಕ್ಕಿಗಳಲ್ಲಿ ಖಾತೆ ಇರಬೇಕು. ಅದಕ್ಕೆ ಕಾನೂನಿನ ತೊಡಕಿದೆಯೆ? ಗೆಲ್ಲುವವರ ಬಾಜಿಯನ್ನು ಬುಕ್ಕಿಗಳು ನಿರಾಕರಿಸುತ್ತಾರೆ ಎನ್ನುವುದು ನಿಜವೆ?
– ಓದುಗರೊಬ್ಬರು, ವುಲಂಗಾಂಗ್

ಉತ್ತರ: 18 ವರ್ಷ ತುಂಬಿದವರು, ಗುರುತಿನ ದಾಖಲೆ ಒದಗಿಸಿ, ಆಸ್ಟ್ರೇಲಿಯಾದಲ್ಲಿ ಪರವಾನಗಿ ಪಡೆದ ಎಷ್ಟು ಬುಕ್ಕಿಗಳಲ್ಲಿ ಬೇಕಾದರೂ ಖಾತೆ ತೆರೆಯಬಹುದು. 2024ರ ಜೂನ್ 11ರಿಂದ ಆನ್‌ಲೈನ್ ಬಾಜಿಗೆ ಕ್ರೆಡಿಟ್ ಕಾರ್ಡ್ ಬಳಸುವಂತಿಲ್ಲ. ಖಾತೆಗಳು ಹೆಚ್ಚಾದಷ್ಟೂ ಒಟ್ಟು ಎಷ್ಟು ಹೋಯಿತೆಂಬ ಲೆಕ್ಕ ಕೈತಪ್ಪುವುದು ಸುಲಭ, ಏಕೆಂದರೆ ಪ್ರತಿ ಖಾತೆಯೂ ತನ್ನ ಪಾಲನ್ನು ಮಾತ್ರ ತೋರಿಸುತ್ತದೆ. ಸಾಕೆನಿಸಿದವರು ಒಂದೊಂದನ್ನೇ ಮುಚ್ಚುತ್ತ ಕೂರಬೇಕಾಗಿಲ್ಲ. 2023ರ ಆಗಸ್ಟ್‌ನಲ್ಲಿ ಆರಂಭವಾದ ‘ಬೆಟ್‌ಸ್ಟಾಪ್’ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಒಮ್ಮೆ ಹೆಸರು ಬರೆಸಿದರೆ, ಪರವಾನಗಿ ಪಡೆದ ಎಲ್ಲ ಆನ್‌ಲೈನ್ ಮತ್ತು ಫೋನ್ ಬುಕ್ಕಿಗಳ ಬಾಗಿಲೂ ಒಟ್ಟಿಗೆ ಮುಚ್ಚುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ: ಹೌದು, ಸತತವಾಗಿ ಒಳ್ಳೆಯ ದರಗಳನ್ನೇ ಹೆಕ್ಕುವವರ ಮಿತಿಯನ್ನು ಬುಕ್ಕಿಗಳು ಇಳಿಸುವುದುಂಟು. ಪರದೆಯ ಮೇಲಿನ 2.70ಕ್ಕೆ ಐದೇ ಡಾಲರ್ ಒಪ್ಪುವುದಾದರೆ, ಆ ದರ ಇದ್ದೂ ಇಲ್ಲದಂತೆ. ಇದನ್ನು ತಡೆಯಲು ನ್ಯೂ ಸೌತ್ ವೇಲ್ಸ್ 2014ರಲ್ಲಿ ಕನಿಷ್ಠ ಬಾಜಿಯ ನಿಯಮ ತಂದಿತು. ರಾಂಡ್ವಿಕ್‌ನಂಥ ನಗರದ ರೇಸುಗಳಲ್ಲಿ, ರೇಸಿನ ದಿನ ನಿಗದಿತ ಹೊತ್ತಿನ ನಂತರ, ಬುಕ್ಕಿಗೆ 2,000 ಡಾಲರ್ ನಷ್ಟವಾಗುವಷ್ಟರ ಮಟ್ಟಿಗಾದರೂ ನಿಗದಿತ ದರದ ಬಾಜಿಯನ್ನು ಅವನು ಒಪ್ಪಲೇಬೇಕು. 2.70ರ ದರದಲ್ಲಿ ಅದು ಸುಮಾರು 1,176 ಡಾಲರಿನ ಬಾಜಿಯಾಗುತ್ತದೆ, 51ರ ದರದಲ್ಲಿ ಬರೀ 40 ಡಾಲರಿನದು. ವಾರದ ಮೊದಲ ದಿನಗಳಲ್ಲಿ ಕಟ್ಟುವವರಿಗೆ ಈ ರಕ್ಷಣೆ ಇಲ್ಲದ ಕಾರಣ, ಆಗ ಕಾಣುವ ಅತಿ ಹೆಚ್ಚಿನ ದರವನ್ನು ಹೋಲಿಕೆಗೆ ತೆಗೆದುಕೊಳ್ಳುವ ಮೊದಲು, ಆ ದರಕ್ಕೆ ನಿಮ್ಮಿಂದ ಎಷ್ಟು ಹಣ ಸ್ವೀಕರಿಸುತ್ತಾರೆ ಎಂಬುದನ್ನೂ ನೋಡಿಕೊಳ್ಳಿ.